ಹೊಲಿಗೆ ಘಟಕಕ್ಕೆ 6 ಲಕ್ಷದ ಸಾಲ: ಏಜೆಂಟರ ಸಬ್ಸಿಡಿ, ಬ್ಯಾಂಕಿನ ಅಡಮಾನ ಮತ್ತು ಗಂಡನ ಸಿಬಿಲ್

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯವಳು. ಆರು ವರ್ಷಗಳಿಂದ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಘಟಕ ನಡೆಸುತ್ತಿದ್ದೇನೆ. ನಾಲ್ಕು ಮಷಿನ್ ಇವೆ, ಇಬ್ಬರು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಮುಖ್ಯವಾಗಿ ಶಾಲಾ ಸಮವಸ್ತ್ರ, ಉಳಿದ ತಿಂಗಳುಗಳಲ್ಲಿ ಬ್ಲೌಸು ಮತ್ತು ನೈಟಿ ಹೊಲಿಯುತ್ತೇವೆ. ನನ್ನ ನೋಟ್‌ಬುಕ್ಕಿನ ಪ್ರಕಾರ ವರ್ಷಕ್ಕೆ ಸುಮಾರು 9 ಲಕ್ಷದ ವ್ಯವಹಾರವಾಗುತ್ತದೆ. ಬಟ್ಟೆ, ಕೂಲಿ, ಕರೆಂಟು ಕಳೆದು 2.4 ಲಕ್ಷ ಉಳಿಯುತ್ತದೆ. ಆದರೆ ಹೆಚ್ಚಿನದು ನಗದು. ಮೂರು ಖಾಸಗಿ ಶಾಲೆಗಳಿಂದ ಕಳೆದ ವರ್ಷದ 1.4 ಲಕ್ಷ ಇನ್ನೂ ಬರಬೇಕಿದೆ. ಪವರ್ ಮಷಿನ್, ಓವರ್‌ಲಾಕ್ ಮತ್ತು ಕಾಜಾ ಮಷಿನ್ ಹಾಕಿ, ಬಟ್ಟೆಯನ್ನು ಒಟ್ಟಿಗೆ ಖರೀದಿಸಲು 6 ಲಕ್ಷ ಬೇಕು. ಬ್ಯಾಂಕಿನಲ್ಲಿ ಸೈಟಿನ ಪತ್ರ ಮತ್ತು ಗಂಡನ ಸಹಿ ಕೇಳಿದರು. ಸೈಟು ಮಾವನವರ ಹೆಸರಿನಲ್ಲಿದೆ. ಗಂಡನ ಟ್ರ್ಯಾಕ್ಟರ್ ಸಾಲದ ಕಂತುಗಳು ಬಾಕಿ ಉಳಿದಿವೆ. ಈ ನಡುವೆ ಒಬ್ಬರು ಬಂದು, ಮಹಿಳೆಯರಿಗೆ 3 ಲಕ್ಷ ಬಡ್ಡಿಯಿಲ್ಲದ ಸಾಲ ಕೊಡಿಸುತ್ತೇನೆ, ಅರ್ಧದಷ್ಟು ತೀರಿಸಬೇಕಾಗಿಲ್ಲ, ಮೊದಲು 15,000 ಕೊಡಿ ಎನ್ನುತ್ತಿದ್ದಾರೆ. ಅಂತಹ ಸಾಲ ನಿಜವಾಗಿಯೂ ಇದೆಯೇ? ಬ್ಯಾಂಕು ಅಡಮಾನ ಕೇಳುವುದು ಸರಿಯೇ? ಗಂಡನ ಸಿಬಿಲ್ ಕೆಟ್ಟಿದ್ದರೆ ನನಗೆ ಸಾಲವೇ ಸಿಗುವುದಿಲ್ಲವೇ?

ಉತ್ತರ: ತಮ್ಮ ವ್ಯವಹಾರದ ಲೆಕ್ಕವನ್ನು ಇಷ್ಟು ಸ್ಪಷ್ಟವಾಗಿ ಬರೆದು ಕಳುಹಿಸುವವರು ಕಡಿಮೆ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕುಳಿತು ಸಣ್ಣ ಉದ್ಯಮಗಳ ಅರ್ಜಿಗಳನ್ನು ಪರಿಶೀಲಿಸಿದ ಅನುಭವದಿಂದ ಹೇಳುವುದಾದರೆ, ನಿಮ್ಮ ಘಟಕ ಸಾಲ ಪಡೆಯುವ ಅರ್ಹತೆಯುಳ್ಳದ್ದು. ಕೊರತೆಯಿರುವುದು ಆ ಅರ್ಹತೆಯನ್ನು ತೋರಿಸುವ ಕಾಗದದಲ್ಲಿ. ನೀವು ಕೇಳಿದ ಮೂರು ಪ್ರಶ್ನೆಗಳಲ್ಲಿ ಏಜೆಂಟರದ್ದು ತುರ್ತಾದದ್ದು, ಏಕೆಂದರೆ ಅಲ್ಲಿ ನಿಮ್ಮ ಕೈಯಿಂದ ಹಣ ಹೋಗುವುದರಲ್ಲಿದೆ.

ಆ ವ್ಯಕ್ತಿಗೆ ಹಣ ಕೊಡಬೇಡಿ. ಅವರು ಹೇಳುತ್ತಿರುವುದು ಪೂರ್ತಿ ಕಟ್ಟುಕಥೆಯೇನಲ್ಲ, ಅರ್ಧ ಸತ್ಯ. ಅದಕ್ಕಾಗಿಯೇ ಜನ ನಂಬುತ್ತಾರೆ. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಬ್ಯಾಂಕುಗಳ ಮೂಲಕ ಗರಿಷ್ಠ 3 ಲಕ್ಷದವರೆಗೆ ಸಾಲವೂ ಅದರ ಜೊತೆಗೆ ನಿಗಮದ ಸಹಾಯಧನವೂ ಇರುವುದು ನಿಜ. ಆದರೆ ಶೇ 50ರ ಸಹಾಯಧನ ಇರುವುದು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಮಹಿಳೆಯರಿಗೆ. ಅವರ ಕುಟುಂಬದ ವಾರ್ಷಿಕ ಆದಾಯ 2 ಲಕ್ಷದೊಳಗಿರಬೇಕು. ಸಾಮಾನ್ಯ ವರ್ಗದವರಿಗೆ ಸಿಗುವುದು ಶೇ 30 ಅಥವಾ ಗರಿಷ್ಠ 90,000 ರೂಪಾಯಿ, ಅವರ ಆದಾಯ ಮಿತಿ 1.5 ಲಕ್ಷ. ವಿಧವೆಯರಿಗೆ ಮತ್ತು ಅಂಗವಿಕಲ ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. ಸಹಾಯಧನ ಬಿಟ್ಟು ಉಳಿದ ಮೊತ್ತ ಬ್ಯಾಂಕಿನ ಸಾಲವೇ ಆಗಿರುವುದರಿಂದ ಅದಕ್ಕೆ ಬ್ಯಾಂಕಿನ ಬಡ್ಡಿ ಬೀಳುತ್ತದೆ. ಮೊಬೈಲಿನಲ್ಲಿ ಹರಿದಾಡುವ ‘ಕೇಂದ್ರ ಸರ್ಕಾರದಿಂದ ಎಲ್ಲ ಮಹಿಳೆಯರಿಗೂ 3 ಲಕ್ಷ ಬಡ್ಡಿರಹಿತ ಸಾಲ’ ಎಂಬ ಸಂದೇಶ ಈ ರಾಜ್ಯ ಯೋಜನೆಯನ್ನೇ ತಿರುಚಿ ಬರೆದದ್ದು. ನಿಮ್ಮ ಘಟಕದ ಉಳಿತಾಯವೊಂದೇ 2.4 ಲಕ್ಷ ಇರುವುದರಿಂದ ಆದಾಯ ಮಿತಿಯಿರುವ ಎರಡೂ ವರ್ಗಗಳಲ್ಲಿ ನೀವು ಹೊರಗುಳಿಯುತ್ತೀರಿ. ಇದನ್ನು ತಿಳಿದೂ ಸುಳ್ಳು ಆದಾಯ ಪತ್ರ ಮಾಡಿಸಿಕೊಡುತ್ತೇನೆಂದು ಏಜೆಂಟರು ಹೇಳಿದರೆ, ಮುಂದೆ ಅದಕ್ಕೆ ಹೊಣೆಯಾಗುವವರು ಅರ್ಜಿಗೆ ಸಹಿ ಹಾಕಿದ ನೀವೇ.

ಎರಡನೆಯ ಅರ್ಧ ಸತ್ಯ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮಕ್ಕೆ ಸಂಬಂಧಿಸಿದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮೂಲಕ 2008ರಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ ಮಹಿಳೆಯರನ್ನು ವಿಶೇಷ ವರ್ಗವೆಂದು ಪರಿಗಣಿಸಲಾಗಿದೆ. ಸ್ವಂತ ಪಾಲು ಶೇ 5 ಸಾಕು, ಗ್ರಾಮೀಣ ಪ್ರದೇಶದಲ್ಲಿ ಶೇ 35 ಮತ್ತು ನಗರದಲ್ಲಿ ಶೇ 25 ಸಹಾಯಧನವಿದೆ. ಕೇಳಲು ಬಹಳ ಆಕರ್ಷಕ. ಆದರೆ ಇದರ ಮೊದಲ ಸಾಲ ಹೊಸದಾಗಿ ಆರಂಭಿಸುವ ಘಟಕಗಳಿಗೆ ಮಾತ್ರ, ನಿಮ್ಮದು ಆರು ವರ್ಷದ ಘಟಕ. ಜೊತೆಗೆ ಸಹಾಯಧನದ ಹಣ ಫಲಾನುಭವಿಯ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆಯೆಂದು ಖಚಿತವಾದ ಮೇಲೆ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ‘ಸಬ್ಸಿಡಿ ಬಂದ ಮೇಲೆ ಅದರಲ್ಲೇ ನನ್ನ ಕಮಿಷನ್ ಕೊಡಿ’ ಎನ್ನುವವರ ಮಾತು ಎಷ್ಟು ಟೊಳ್ಳು ಎಂಬುದು ಇದರಿಂದಲೇ ತಿಳಿಯುತ್ತದೆ. ಇನ್ನು ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಕೊಡುವ ಮುದ್ರಾ ಸಾಲದಲ್ಲಿ ಸಹಾಯಧನವೇ ಇಲ್ಲ, ಅದಕ್ಕೆ ಏಜೆಂಟರನ್ನು ನೇಮಿಸುವ ಪದ್ಧತಿಯೂ ಇಲ್ಲ. ಈಗಾಗಲೇ ಆ ವ್ಯಕ್ತಿಗೆ ಆಧಾರ್ ಪ್ರತಿ, ಖಾಲಿ ಚೆಕ್ ಅಥವಾ ಒಟಿಪಿ ಕೊಟ್ಟಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ ಆ ಚೆಕ್ಕುಗಳನ್ನು ತಡೆಹಿಡಿಸಿ. ಖಾತೆಯಿಂದ ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ.

ಈಗ ಅಡಮಾನದ ವಿಷಯ. ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಕೊಡುವ ಸಾಲ 10 ಲಕ್ಷದೊಳಗಿದ್ದರೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಸೂಚಿಸಿದೆ. ನೀವು ಕೇಳುತ್ತಿರುವ 6 ಲಕ್ಷ ಆ ಮಿತಿಯೊಳಗೇ ಇದೆ, ಆದ್ದರಿಂದ ಸೈಟಿನ ಪತ್ರ ತರಲೇಬೇಕೆಂದು ಹೇಳುವುದು ಸರಿಯಲ್ಲ. ಆದರೆ ‘ಅಡಮಾನವಿಲ್ಲದ ಸಾಲ’ ಎಂದರೆ ಯಾವ ಭದ್ರತೆಯೂ ಇಲ್ಲದ ಸಾಲ ಎಂದು ತಿಳಿಯಬಾರದು. ಸಾಲದ ಹಣದಿಂದ ಕೊಂಡ ಮಷಿನ್ ಮತ್ತು ಬಟ್ಟೆಯ ದಾಸ್ತಾನಿನ ಮೇಲೆ ಬ್ಯಾಂಕಿಗೆ ಹಕ್ಕಿರುತ್ತದೆ. ಅವು ನಿಮ್ಮ ಕೋಣೆಯಲ್ಲೇ ಇರುತ್ತವೆ, ಆದರೆ ಸಾಲ ತೀರುವವರೆಗೆ ಬ್ಯಾಂಕಿಗೆ ತಿಳಿಸದೆ ಮಾರುವಂತಿಲ್ಲ. ಹಾಗೆಯೇ ಸರ್ಕಾರದ ಖಾತರಿ ನಿಧಿಗಳ ಬಗ್ಗೆಯೂ ದೊಡ್ಡ ತಪ್ಪು ಕಲ್ಪನೆಯಿದೆ. ಭಾರತ ಸರ್ಕಾರ ಮತ್ತು ಸಣ್ಣ ಉದ್ಯಮಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿ ಸೇರಿ 2000ದಲ್ಲಿ ಸ್ಥಾಪಿಸಿದ ಸಾಲ ಖಾತರಿ ಟ್ರಸ್ಟ್ ಮಹಿಳಾ ಉದ್ಯಮಿಗಳ ಸಾಲಕ್ಕೆ ಹೆಚ್ಚಿನ ಪ್ರಮಾಣದ ಖಾತರಿಯನ್ನೂ, ವಾರ್ಷಿಕ ಶುಲ್ಕದಲ್ಲಿ ರಿಯಾಯಿತಿಯನ್ನೂ ಕೊಡುತ್ತದೆ. ಮುದ್ರಾ ಸಾಲಗಳಿಗೆ ಬೇರೆಯದೇ ಖಾತರಿ ನಿಧಿಯಿದೆ. ಈ ಖಾತರಿ ಬ್ಯಾಂಕಿಗೆ ಕೊಟ್ಟದ್ದೇ ಹೊರತು ನಿಮಗೆ ಕೊಟ್ಟದ್ದಲ್ಲ. ಕಂತು ನಿಂತರೆ ನಿಧಿಯು ಬ್ಯಾಂಕಿನ ನಷ್ಟವನ್ನು ಭಾಗಶಃ ತುಂಬಿಕೊಡುತ್ತದೆ, ನಿಮ್ಮ ಸಾಲ ಹಾಗೆಯೇ ಉಳಿಯುತ್ತದೆ, ಸಿಬಿಲ್‌ನಲ್ಲಿ ಸುಸ್ತಿಯೆಂದೂ ದಾಖಲಾಗುತ್ತದೆ.

ನಿಯಮ ಹೀಗಿದ್ದೂ ಮ್ಯಾನೇಜರ್ ಸೈಟಿನ ಪತ್ರ ಏಕೆ ಕೇಳುತ್ತಾರೆ? ನಿಮ್ಮ ಅರ್ಜಿಯನ್ನು ಅವರ ಮೇಜಿನ ಆಚೆಯಿಂದ ನೋಡಿ. 9 ಲಕ್ಷದ ವ್ಯವಹಾರವೆಂದು ನೀವು ಹೇಳುತ್ತೀರಿ. ನಿಮ್ಮ ಉಳಿತಾಯ ಖಾತೆಯಲ್ಲಿ ವರ್ಷಕ್ಕೆ ಒಂದೆರಡು ಲಕ್ಷ ಮಾತ್ರ ಓಡಾಡಿದ್ದರೆ ಉಳಿದದ್ದಕ್ಕೆ ಸಾಕ್ಷಿಯೇನು? ಆದಾಯ ತೆರಿಗೆ ರಿಟರ್ನ್ ಬಗ್ಗೆಯಾಗಲಿ, ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಿಸುವ ಉದ್ಯಮ ನೋಂದಣಿಯ ಬಗ್ಗೆಯಾಗಲಿ ನಿಮ್ಮ ಪತ್ರದಲ್ಲಿ ಮಾತಿಲ್ಲ, ಶಾಲೆಗಳಿಗೆ ಕೊಟ್ಟ ಬಿಲ್ಲುಗಳಿವೆಯೋ ಇಲ್ಲವೋ ಗೊತ್ತಿಲ್ಲ. ಆದಾಯ ಕಾಣದಿದ್ದಾಗ ಅಧಿಕಾರಿಯ ಕಣ್ಣು ಆಸ್ತಿಯತ್ತ ಹೋಗುತ್ತದೆ. ಆಸ್ತಿಯೋ ನಮ್ಮಲ್ಲಿ ಬಹುಪಾಲು ಗಂಡಸರ ಹೆಸರಿನಲ್ಲಿರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಇಡೀ ದೇಶಕ್ಕೆ ಅದು 2005ರಲ್ಲಿ ಬಂತು. ಆದರೂ ಪಹಣಿ ಮತ್ತು ಖಾತೆಯ ಪುಟ ತೆರೆದರೆ ಮಾವ, ಗಂಡ, ಮೈದುನರ ಹೆಸರುಗಳೇ ಸಾಲಾಗಿ ಕಾಣುತ್ತವೆ. ಹೀಗಾಗಿ ಮಹಿಳೆಯ ಅರ್ಜಿ ಸುತ್ತಿಬಳಸಿ ಮನೆಯ ಗಂಡಸಿನ ಸಹಿಗೇ ಬಂದು ನಿಲ್ಲುತ್ತದೆ. ಇದಕ್ಕೆಲ್ಲ ಮ್ಯಾನೇಜರ್ ಒಬ್ಬರನ್ನೇ ದೂರುವುದು ನ್ಯಾಯವಲ್ಲ. ಆದರೆ ಇಂತಹ ಅರ್ಜಿಯಲ್ಲಿ ವ್ಯವಹಾರದ ಲೆಕ್ಕವನ್ನು ಬಿಡಿಸಿ ನೋಡುವುದಕ್ಕಿಂತ ಸೈಟಿನ ಪತ್ರ ಕೇಳುವುದು ಸುಲಭದ ದಾರಿ, ಆ ಸುಲಭದ ದಾರಿಯನ್ನು ಅನೇಕ ಶಾಖೆಗಳು ಹಿಡಿಯುತ್ತವೆ ಎಂಬುದೂ ನಿಜ.

ಗಂಡನ ಸಿಬಿಲ್ ಬಗ್ಗೆ ನಿಮ್ಮ ಆತಂಕ ಅರ್ಧ ಮಾತ್ರ ಸರಿ. ಸಾಲದ ಇತಿಹಾಸ ವ್ಯಕ್ತಿಗೆ ಸೇರಿದ್ದು, ಕುಟುಂಬಕ್ಕೆ ಸೇರಿದ್ದಲ್ಲ. ಟ್ರ್ಯಾಕ್ಟರ್ ಸಾಲದಲ್ಲಿ ನೀವು ಸಹ-ಅರ್ಜಿದಾರರೋ ಜಾಮೀನುದಾರರೋ ಆಗಿಲ್ಲದಿದ್ದರೆ ಅದರ ಬಾಕಿ ನಿಮ್ಮ ವರದಿಯಲ್ಲಿ ಬರುವುದಿಲ್ಲ. ಆಗಿದ್ದರೆ ಬರುತ್ತದೆ, 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಶೋರೂಮಿನ ಮೇಜಿನ ಮೇಲೆ ‘ಇಲ್ಲೊಂದು ಸಹಿ ಮಾಡು’ ಎಂದಾಗ ಹೆಂಡತಿ ಮಾಡಿದ ಸಹಿಯೇ ಜಾಮೀನು ಪತ್ರವಾಗಿರುತ್ತದೆ, ಅವರಿಗೇ ಅದು ನೆನಪಿರುವುದಿಲ್ಲ. ಆದ್ದರಿಂದ ಊಹೆಗೆ ಹೋಗಬೇಡಿ: ಸಿಬಿಲ್‌ನಂತಹ ಪ್ರತಿಯೊಂದು ಸಾಲ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು, ಮೊದಲು ನಿಮ್ಮ ವರದಿಯನ್ನು ತರಿಸಿ ಓದಿ. ಟ್ರ್ಯಾಕ್ಟರ್ ಸಾಲ ಅದರಲ್ಲಿಲ್ಲದಿದ್ದರೆ, ಸ್ವಂತ ಆದಾಯವಿರುವ ವಯಸ್ಕ ಮಹಿಳೆಗೆ ಸಾಲ ಪಡೆಯಲು ಗಂಡನ ಸಹಿ ಕಾನೂನಿನ ಅಗತ್ಯವಲ್ಲ. ಖಾತರಿ ಟ್ರಸ್ಟಿನ ರಕ್ಷಣೆಯಲ್ಲಿ ಕೊಡುವ ಸಾಲಕ್ಕೆ ಮೂರನೆಯವರ ಜಾಮೀನು ಪಡೆಯಬಾರದೆಂಬುದು ಆ ಯೋಜನೆಯ ಮೂಲ ಷರತ್ತೇ ಆಗಿದೆ. ಸುಸ್ತಿಯಲ್ಲಿರುವವರ ಸಹಿಯನ್ನು ನಿಮ್ಮ ಅರ್ಜಿಗೆ ಸೇರಿಸಿದರೆ ಅರ್ಜಿ ದುರ್ಬಲವಾಗುತ್ತದೆಂದು ಮ್ಯಾನೇಜರಿಗೆ ವಿನಯದಿಂದಲೇ ವಿವರಿಸಬಹುದು.

ಇನ್ನು 6 ಲಕ್ಷದ ಲೆಕ್ಕಕ್ಕೆ ಬರೋಣ. ನೀವು ಎರಡು ಬೇರೆ ಬೇರೆ ಅಗತ್ಯಗಳನ್ನು ಒಂದೇ ಸಾಲವಾಗಿ ಕೇಳಿದ್ದೀರಿ, ಅರ್ಜಿ ತೊಡಕಾಗಲು ಇದೂ ಒಂದು ಕಾರಣವಿರಬಹುದು. ಮಷಿನ್‌ಗಳಿಗೆ 3.5 ಲಕ್ಷ ಎಂದಿಟ್ಟುಕೊಳ್ಳಿ. ಅವು ವರ್ಷಗಟ್ಟಲೆ ದುಡಿಯುತ್ತವೆ, ಆದ್ದರಿಂದ ಅವಕ್ಕೆ ಐದು ವರ್ಷದ ಅವಧಿ ಸಾಲ ಸರಿ. ಬಟ್ಟೆಯ ಖರೀದಿ ಹಾಗಲ್ಲ: ಮಾರ್ಚ್‌–ಏಪ್ರಿಲ್‌ನಲ್ಲಿ ಹಾಕಿದ ಹಣ ಜುಲೈ–ಆಗಸ್ಟ್ ಹೊತ್ತಿಗೆ ಹಿಂದಿರುಗಬೇಕು. ಅದಕ್ಕೆ ಬೇಕಾದದ್ದು ಕ್ಯಾಶ್ ಕ್ರೆಡಿಟ್ ಖಾತೆ, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಬಂದಾಗ ಕಟ್ಟಿ, ಬಳಸಿದ ಮೊತ್ತಕ್ಕೆ ಬಳಸಿದ ದಿನಗಳಿಗೆ ಮಾತ್ರ ಬಡ್ಡಿ ಕೊಡುವ ವ್ಯವಸ್ಥೆ. ಬಟ್ಟೆಗೂ ಐದು ವರ್ಷದ ಸಾಲ ತೆಗೆದರೆ, ಬಟ್ಟೆ ಮಾರಿ ವರ್ಷಗಳು ಕಳೆದರೂ ಅದರ ಬಡ್ಡಿ ಕಟ್ಟುತ್ತಲೇ ಇರುತ್ತೀರಿ.

ಸಣ್ಣ ಘಟಕಗಳ ದುಡಿಯುವ ಬಂಡವಾಳಕ್ಕೆ ಬ್ಯಾಂಕುಗಳು ಬಳಸುವ ಸರಳ ಸೂತ್ರವೊಂದಿದೆ: ಮುಂದಿನ ವರ್ಷ ನಿರೀಕ್ಷಿಸುವ ವಹಿವಾಟಿನ ಶೇ 25ರಷ್ಟು ಬಂಡವಾಳ ಬೇಕೆಂದು ಹಿಡಿದು, ಅದರಲ್ಲಿ ವಹಿವಾಟಿನ ಶೇ 20ರಷ್ಟನ್ನು ಬ್ಯಾಂಕು ಕೊಡುತ್ತದೆ, ವಹಿವಾಟಿನ ಶೇ 5ರಷ್ಟು ನಿಮ್ಮದು. ಹೊಸ ಮಷಿನ್ ಬಂದ ಮೇಲೆ 12 ಲಕ್ಷದ ವಹಿವಾಟು ಎಂದು ಆಧಾರಸಹಿತ ತೋರಿಸಿದರೆ ಕ್ಯಾಶ್ ಕ್ರೆಡಿಟ್ ಮಿತಿ 2.4 ಲಕ್ಷ ಬರುತ್ತದೆ, ನಿಮ್ಮ ಪಾಲು 60,000. ಮಷಿನ್‌ಗೆ 50,000 ಸ್ವಂತದ್ದು ಹಾಕಿ 3 ಲಕ್ಷ ಸಾಲ ಪಡೆದರೆ, ಶೇ 11ರ ಬಡ್ಡಿಗೆ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 6,500 ರೂಪಾಯಿ. ಈಗಿನ ನಿಮ್ಮ ಉಳಿತಾಯ ತಿಂಗಳಿಗೆ ಸರಾಸರಿ 20,000. ಕಾಗದದ ಮೇಲೆ ಇದು ಸಲೀಸಾಗಿ ಕಾಣುತ್ತದೆ, ಆದರೆ ನಿಮ್ಮ ಆದಾಯ ತಿಂಗಳು ತಿಂಗಳು ಸಮನಾಗಿ ಬರುವಂಥದ್ದಲ್ಲ; ಸಮವಸ್ತ್ರದ ಕೆಲಸವಿಲ್ಲದ ತಿಂಗಳುಗಳಲ್ಲಿ ಅದೇ 6,500 ಭಾರವಾಗುತ್ತದೆ. ಆದ್ದರಿಂದ ಸಾಲ ಮಂಜೂರಾಗುವ ಮೊದಲೇ, ಮಷಿನ್ ಅಳವಡಿಸಿ ಕೆಲಸ ಆರಂಭವಾಗುವವರೆಗೆ ಕೆಲವು ತಿಂಗಳು ಅಸಲಿನ ಕಂತಿಗೆ ವಿನಾಯಿತಿ ಕೊಡಬೇಕೆಂದು ಅರ್ಜಿಯಲ್ಲೇ ಬರೆಯಿರಿ. ಮಂಜೂರಾದ ಮೇಲೆ ಕೇಳಿದರೆ ಅದು ಸಾಲದ ಮರುಹೊಂದಾಣಿಕೆ ಎನಿಸಿಕೊಂಡು ಬೇರೆ ತೊಡಕುಗಳಿಗೆ ದಾರಿಯಾಗುತ್ತದೆ.

ಈ ಲೆಕ್ಕದಲ್ಲಿ ನೀವು ಗಮನಿಸದೆ ಬಿಟ್ಟ ಒಂದು ಮೂಲವಿದೆ: ಶಾಲೆಗಳಲ್ಲಿ ಸಿಕ್ಕಿಕೊಂಡ ನಿಮ್ಮದೇ 1.4 ಲಕ್ಷ. ನೀವು ಬ್ಯಾಂಕಿನಿಂದ ಬಡ್ಡಿಗೆ ಹಣ ತಂದು ಆ ಶಾಲೆಗಳಿಗೆ ಬಡ್ಡಿಯಿಲ್ಲದೆ ಸಾಲ ಕೊಡಲು ಹೊರಟಂತಾಗಿದೆ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿ ಸಣ್ಣ ಅಥವಾ ಸಣ್ಣ ಉದ್ಯಮದಿಂದ ಸರಕು ಕೊಂಡವರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಪಾವತಿಸಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಮೂಲಕ, ಇಂತಹ ಬಾಕಿಯ ತಕರಾರು ನೋಡುವ ರಾಜ್ಯದ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ಆದರೆ ಇದಕ್ಕೆ ಉದ್ಯಮ ನೋಂದಣಿ ಬೇಕು, ಅದೂ ಸರಕು ಕೊಡುವ ಮೊದಲೇ ಆಗಿರುವುದು ಕ್ಷೇಮ. ಆಮೇಲೆ ಮಾಡಿಸಿದ ನೋಂದಣಿಯಿಂದ ಹಳೆಯ ಬಾಕಿ ಕೇಳಿದರೆ ತಕರಾರು ಏಳುತ್ತದೆ. ಮುಂದಿನ ವರ್ಷವೂ ಅದೇ ಶಾಲೆಗಳ ಕೆಲಸ ಬೇಕೆಂದಿದ್ದರೆ ಮಂಡಳಿಗೆ ಹೋಗುವುದು ಜಾಣತನವೂ ಅಲ್ಲ. ಹಳೆಯ ಬಾಕಿಗೆ ಶಾಲೆಯ ಆಡಳಿತ ಮಂಡಳಿಯಿಂದ ದಿನಾಂಕ ನಮೂದಿಸಿದ ಒಪ್ಪಿಗೆ ಪತ್ರ ಪಡೆಯಿರಿ, ಮುಂದಿನ ಆರ್ಡರನ್ನು ಶೇ 40ರಷ್ಟಾದರೂ ಮುಂಗಡವಿಲ್ಲದೆ ಒಪ್ಪಬೇಡಿ, ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆಯನ್ನೂ 45 ದಿನದ ಗಡುವನ್ನೂ ಅಚ್ಚು ಹಾಕಿಸಿ. ಬಾಕಿಯಲ್ಲಿ ಮುಕ್ಕಾಲು ಪಾಲು ಬಂದರೂ ನಿಮ್ಮ ಒಟ್ಟು ಸಾಲದ ಅಗತ್ಯ 5 ಲಕ್ಷದೊಳಕ್ಕೆ ಇಳಿಯುತ್ತದೆ.

ಆ 5 ಲಕ್ಷದ ಗೆರೆಗೆ ಮಹತ್ವವಿದೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್ ಎಂಬ ವಿಭಾಗಗಳಿವೆ. ತರುಣ್ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಅವಕಾಶವನ್ನು 2024ರಲ್ಲಿ ಸೇರಿಸಲಾಗಿದೆ. ಬ್ಯಾಂಕಿನಲ್ಲಿ ಸಾಲದ ಇತಿಹಾಸವೇ ಇಲ್ಲದವರು ನೇರವಾಗಿ ತರುಣ್‌ಗೆ ಕೈಹಾಕುವುದಕ್ಕಿಂತ ಕಿಶೋರ್‌ನಲ್ಲಿ ಆರಂಭಿಸುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಮುಂದಿನ ಸಾಲಕ್ಕೆ ನಿಮ್ಮ ಕಂತಿನ ದಾಖಲೆಯೇ ಭದ್ರತೆಯಂತೆ ಕೆಲಸ ಮಾಡುತ್ತದೆ. ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಮುದ್ರಾ ಸಾಲ ತೀರಿಸಿದ ಘಟಕಗಳ ವಿಸ್ತರಣೆಗೆ ಶೇ 15ರ ಸಹಾಯಧನದೊಂದಿಗೆ ಎರಡನೇ ಸಾಲ ಕೊಡುವ ನಿಯಮವಿದೆ. ಆ ಹಂತಕ್ಕೆ ಬಂದಾಗ ಚಾಲ್ತಿಯಲ್ಲಿರುವ ನಿಯಮವನ್ನು ಖಾದಿ ಆಯೋಗದ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಮಹಿಳಾ ಉದ್ಯಮಿಗಳಿಗೆ ಬಡ್ಡಿಯ ಒಂದು ಭಾಗವನ್ನು ರಾಜ್ಯ ಸರ್ಕಾರ ಭರಿಸುವ ಸಾಲಗಳು ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆಯಲ್ಲಿವೆ. ಬಡ್ಡಿ ಕಡಿಮೆಯೆಂಬುದು ನಿಜವಾದರೂ ಅಲ್ಲಿ ಆಸ್ತಿಯ ಭದ್ರತೆಯ ಪ್ರಶ್ನೆ ಮತ್ತೆ ಎದುರಾಗುವುದರಿಂದ ಈ ಹಂತದಲ್ಲಿ ನಿಮಗೆ ಅದು ಹೊಂದುವುದಿಲ್ಲ.

ಬ್ಯಾಂಕು ತಡಮಾಡಿದರೆ ಬೇರೆ ಬಾಗಿಲುಗಳೂ ಇವೆ, ಅವುಗಳ ಬೆಲೆ ಬೇರೆ. ಸ್ವಸಹಾಯ ಸಂಘದ ಸಾಲ ಬಡ್ಡಿಯಲ್ಲಿ ಹಗುರ, ಆದರೆ ಸಂಘದ ಎಲ್ಲರಿಗೂ ಹಂಚಿಹೋಗಬೇಕಾದ ಹಣದಲ್ಲಿ ಒಬ್ಬರಿಗೆ ದೊಡ್ಡ ಮೊತ್ತ ಸಿಗುವುದು ಕಷ್ಟ. ಒಬ್ಬರ ಬಾಕಿ ಎಲ್ಲರ ಬಾಕಿಯಾಗುತ್ತದೆ. ಬಂಗಾರದ ಸಾಲ ಒಂದೇ ದಿನದಲ್ಲಿ ಸಿಗುತ್ತದೆ. ಸಮವಸ್ತ್ರದ ಬಟ್ಟೆಗೆ ಮೂರು ನಾಲ್ಕು ತಿಂಗಳ ಮಟ್ಟಿಗೆ ಬಳಸಿದರೆ ನನ್ನ ಆಕ್ಷೇಪವಿಲ್ಲ, ಮಷಿನ್ ಕೊಳ್ಳಲು ಬೇಡ. ಮೈಕ್ರೊಫೈನಾನ್ಸ್ ಸಾಲದಲ್ಲಿ ಎಚ್ಚರ ಹೆಚ್ಚು ಬೇಕು. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಕುಟುಂಬದ ಆದಾಯದ ಅರ್ಧ ದಾಟಬಾರದೆಂದು ರಿಸರ್ವ್ ಬ್ಯಾಂಕ್ 2022ರ ನಿಯಮದಲ್ಲಿ ಹೇಳಿದೆ, ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯ್ದೆಯನ್ನೂ ತಂದಿದೆ. ಕಾಯ್ದೆ ಕಿರುಕುಳವನ್ನು ತಡೆಯಬಹುದು, ದುಬಾರಿ ಬಡ್ಡಿಯನ್ನು ಕಡಿಮೆ ಮಾಡುವುದಿಲ್ಲ. ಯಾರೇ ಸಾಲ ಕೊಡಲಿ, ಬಡ್ಡಿ ‘ಫ್ಲ್ಯಾಟ್’ ಆಗಿದೆಯೇ ಎಂದು ಕೇಳಿ: 1 ಲಕ್ಷಕ್ಕೆ ಶೇ 12 ಫ್ಲ್ಯಾಟ್ ಎಂದರೆ ಹನ್ನೆರಡು ತಿಂಗಳು 9,333ರಂತೆ ಕಟ್ಟಬೇಕು, ಅಸಲು ಪ್ರತಿ ತಿಂಗಳೂ ಇಳಿಯುತ್ತಿದ್ದರೂ ಬಡ್ಡಿ ಪೂರ್ತಿ ಮೊತ್ತಕ್ಕೇ ಬೀಳುವುದರಿಂದ ನಿಜವಾದ ದರ ಶೇ 21 ದಾಟುತ್ತದೆ.

ಅರ್ಜಿಯ ಮೊದಲು ಮಾಡಬೇಕಾದ ಕೆಲಸಗಳಲ್ಲಿ ಉದ್ಯಮ ನೋಂದಣಿ ಮೊದಲನೆಯದು. 2020ರ ಜುಲೈ 1ರಿಂದ ಇದು ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಹಣ ಕೇಳುವ ಜಾಲತಾಣಗಳೆಲ್ಲ ಖಾಸಗಿಯವರದ್ದು. ಆಮೇಲೆ ಘಟಕದ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದು ವ್ಯವಹಾರದ ಹಣವನ್ನೆಲ್ಲ ಅದರಲ್ಲೇ ಓಡಿಸಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕದ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ ರಾಜ್ಯದ ಎಷ್ಟೋ ಅಂಗಡಿಗಳವರು ಕ್ಯೂಆರ್ ಕೋಡ್ ತೆಗೆದು ನಗದಿಗೆ ಮರಳಿದರು, ನಿಮ್ಮ ಹಿಂಜರಿಕೆಗೂ ಅದೇ ಕಾರಣವಿರಬಹುದು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಬರೀ ಸೇವೆಗೆ 20 ಲಕ್ಷ. ನಿಮ್ಮ 9 ಲಕ್ಷ ಅದರ ಹತ್ತಿರಕ್ಕೂ ಬರುವುದಿಲ್ಲ. ತೆರಿಗೆ ಕಟ್ಟಬೇಕಾಗಿ ಬರದಿದ್ದರೂ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ. ಸಾಲದ ಅಧಿಕಾರಿಗೆ ನಿಮ್ಮ ನೋಟ್‌ಬುಕ್ಕಿಗಿಂತ ಅದು ಹೆಚ್ಚು ಮಾತನಾಡುತ್ತದೆ. ಹಾಗೆಂದು ನೋಟ್‌ಬುಕ್ಕನ್ನು ಬಿಡಬೇಡಿ, ಆರು ವರ್ಷದ ಪುಟಗಳನ್ನು ಅರ್ಜಿಯ ಜೊತೆ ಒಯ್ಯಿರಿ. ಯೋಜನಾ ವರದಿ ಬರೆಯಲು ಯಾರಿಗೂ ಸಾವಿರಾರು ರೂಪಾಯಿ ಕೊಡಬೇಕಾಗಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ, ಅಥವಾ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಹೋಗಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯಲ್ಲಿ ಬೆಳೆದ ಈ ಸಂಸ್ಥೆಗಳಲ್ಲಿ ತರಬೇತಿ, ಊಟ, ವಸತಿ ಎಲ್ಲವೂ ಉಚಿತ; ತರಬೇತಿಯ ನಂತರ ಬ್ಯಾಂಕಿನೊಂದಿಗೆ ಮಾತನಾಡಲು ಸಹ ಅವರು ನೆರವಾಗುತ್ತಾರೆ.

ಅರ್ಜಿಯನ್ನು ಬಾಯಿಮಾತಿನಲ್ಲಿ ಕೇಳಿ ಹಿಂದಿರುಗಬೇಡಿ. ಮಷಿನ್‌ನ ಕೊಟೇಶನ್, ಶಾಲೆಗಳ ಆರ್ಡರ್ ಪತ್ರ, ಖಾತೆಯ ಲೆಕ್ಕಗಳನ್ನು ಲಗತ್ತಿಸಿ ಲಿಖಿತವಾಗಿ ಅಥವಾ ಸರ್ಕಾರಿ ಯೋಜನೆಗಳ ಸಾಲಕ್ಕೆ ಅರ್ಜಿ ಹಾಕುವ ಜನ್‌ಸಮರ್ಥ್ ಪೋರ್ಟಲ್ ಮೂಲಕ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಸಣ್ಣ ಉದ್ಯಮಗಳ 25 ಲಕ್ಷದವರೆಗಿನ ಅರ್ಜಿಗಳಿಗೆ 14 ಕೆಲಸದ ದಿನಗಳಲ್ಲಿ ತೀರ್ಮಾನ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ತಿರಸ್ಕರಿಸಿದರೆ ಕಾರಣವನ್ನು ಬರೆದುಕೊಡುವಂತೆ ಕೇಳಿ. ‘ಅಡಮಾನವಿಲ್ಲ’ ಎಂಬ ಕಾರಣವನ್ನು ಕಾಗದದ ಮೇಲೆ ಬರೆಯಲು ಶಾಖೆಯವರು ಹಿಂಜರಿಯುತ್ತಾರೆ, ಎಷ್ಟೋ ಬಾರಿ ಅಲ್ಲಿಂದಲೇ ಮಾತುಕತೆಯ ಧಾಟಿ ಬದಲಾಗುತ್ತದೆ. ಬ್ಯಾಂಕಿನೊಳಗೇ ದೂರು ಕೊಟ್ಟು 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. ಸಾಲ ಕೊಡಲೇಬೇಕೆಂದು ಅವರು ಆದೇಶಿಸುವುದಿಲ್ಲ, ಅದು ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು. ನಿಯಮ ಮೀರಿ ಅಡಮಾನ ಕೇಳಿದ್ದು ಅಥವಾ ಅರ್ಜಿಯನ್ನೇ ಸ್ವೀಕರಿಸದಿದ್ದುದು ಅವರ ವ್ಯಾಪ್ತಿಗೆ ಬರುತ್ತದೆ.

ಕಾಲದ ಲೆಕ್ಕ ಇಷ್ಟು: ಸಮವಸ್ತ್ರದ ಬಟ್ಟೆಯನ್ನು ಮಾರ್ಚ್‌ನಲ್ಲಿ ಕೊಳ್ಳಬೇಕಾದರೆ ಕ್ಯಾಶ್ ಕ್ರೆಡಿಟ್ ಫೆಬ್ರವರಿಯೊಳಗೆ ಮಂಜೂರಾಗಿರಬೇಕು, ಅರ್ಜಿ ಡಿಸೆಂಬರಿನಲ್ಲಿ ಹೋಗಬೇಕು. ಅದಕ್ಕೂ ಮೊದಲು ಕನಿಷ್ಠ ಆರು ತಿಂಗಳಾದರೂ ಚಾಲ್ತಿ ಖಾತೆಯಲ್ಲಿ ನಿಮ್ಮ ವ್ಯವಹಾರ ಕಾಣಬೇಕು. ಅಷ್ಟು ಸಮಯ ಉಳಿದಿಲ್ಲವಾದರೆ ಈ ಹಂಗಾಮಿಗೆ ಮಷಿನ್ ಸಾಲವನ್ನು ಮಾತ್ರ ಕೇಳಿ. ಬಟ್ಟೆಗೆ ಶಾಲೆಗಳ ಮುಂಗಡವನ್ನೂ ವಸೂಲಾದ ಬಾಕಿಯನ್ನೂ ಬಳಸಿ, ಕ್ಯಾಶ್ ಕ್ರೆಡಿಟ್ ಅರ್ಜಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.